ನಾಲ್ಕು ಕೊಂಬಿನ ರೂಟರ್

೧೪ ಮಾರ್ಚ್ ೨೦೨೧, ಭಾನುವಾರ. ಸಿಟಿವೆಸ್ಟ್, ಐರ್ಲೆಂಡ್

ತುಂಗಾ, ಹೇಗಿದ್ದೀಯ? ಉಬ್ಬಸ ಹತೋಟಿಯಲ್ಲಿದೆಯಾ? ನಿನ್ನ ಯಜಮಾನರು ನಂಜುಂಡಪ್ಪನವರ ಮಂಡಿನೋವು? ತುಮಕೂರಿನಿಂದ ನಿನ್ನ ಮಗಳು ಜಯಶೀಲಾ ದಿನಾ ಫೋನ್ ಮಾಡುತ್ತಾಳಾ?

ಕೇಳುತ್ತಿರುವುದು ನಿನ್ನನ್ನಲ್ಲ, ಈ ಡೈರಿಯನ್ನು. ಐರ್ಲೆಂಡಿನ ಟಪಾಲು ಬನ್ನೂರು ಯಾವಾಗ ಮುಟ್ಟುತ್ತದೋ. ಹಾಗಾಗಿ ತಂಗಿಗೆ ಬರೆಯುವ ಕಾಗದವೆಲ್ಲ ಇನ್ನು ಇಲ್ಲೇ.

ಇವತ್ತೂ ವಿಡಿಯೋ ಕಾಲ್ ಹಾಳು. ನಿನ್ನ ಮುಖ ಬಾಯಿ ತೆರೆದ ಹಾಗೇ ನಿಂತುಬಿಟ್ಟಿತು, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತಂತೆ. ನಾನು ಮಾತಾಡಿದ್ದೇ ಮಾತಾಡಿದ್ದು. ಆಮೇಲೆ ನೋಡಿದರೆ ಕಾಲೇ ಇಲ್ಲ.

ನನ್ನ ಮಗಳು ವಂದನಾಗೆ ಬೆಡ್‌ರೂಮೇ ಆಫೀಸು. ಅಳಿಯ ಸತ್ಯಪ್ರಕಾಶ್‌ಗೆ ಊಟದ ಮೇಜೇ ಆಫೀಸು. ಒಗ್ಗರಣೆ ಹಾಕುವುದಕ್ಕೂ ಇವರ ಮೀಟಿಂಗ್ ಮುಗಿಯಬೇಕು.

"ಅಮ್ಮಾ, ವಾರದ ದಿನ ವಿಡಿಯೋ ಹಾಕ್ಬೇಡ, ನಂದು ಕಟ್ ಆಗತ್ತೆ" — ಮಗಳು.

"ರೂಟರ್ ಹಳೇದು ಅತ್ತೆ. ಹೊಸದು ಆರ್ಡರ್ ಮಾಡಿದ್ದೀನಿ. ಬರ್ಲಿ, ಚಿಕ್ಕಮ್ಮ ನಮ್ಮ ಹಾಲ್‌ನಲ್ಲೇ ಕೂತಂಗಿರ್ತಾರೆ" — ಅಳಿಯ.

೧೯ ಮಾರ್ಚ್, ಶುಕ್ರವಾರ

ಬಂತು. ಕಪ್ಪು ಡಬ್ಬಿ, ನಾಲ್ಕು ಕೊಂಬು. ಅಂಗಾತ ಬಿದ್ದ ಜಿರಳೆಯ ಹಾಗೆ. ಸತ್ಯಪ್ರಕಾಶ್ ಫೋನ್ ಹಿಡಿದು ಮನೆಯೆಲ್ಲ ಓಡಾಡಿದರು.

"ಟಾಯ್ಲೆಟ್‌ನಲ್ಲೂ ಐನೂರು ಸ್ಪೀಡ್ ಬರ್ತಿದೆ ಅತ್ತೆ. ಗ್ರ್ಯಾಂಡ್."

"ಟಾಯ್ಲೆಟ್‌ನಲ್ಲಿ ಅಷ್ಟು ಅವಸರ ಯಾರಿಗೆ?"

ವಂದನಾ ಮಾತ್ರ ನಕ್ಕಳು.

ನಿಜ ಹೇಳಬೇಕು. ಇಬ್ಬರ ಮೀಟಿಂಗೂ ಒಟ್ಟಿಗೆ ನಡೆಯಿತು, ಜಗಳವಿಲ್ಲದೆ. ಮಧ್ಯಾಹ್ನ ಆಸೆಯಿಂದ ನಿನಗೆ ಕಾಲ್ ಮಾಡಿದೆ... ಮತ್ತೆ ಅದೇ ಹಲ್ಲಿನ ಡಾಕ್ಟರ ಕುರ್ಚಿ.

೨೮ ಮಾರ್ಚ್

ಹೋದ ವಾರ ಇಲ್ಲಿನ ಮನೆ ಡಾಕ್ಟರು, ಜಿ.ಪಿ. ಅನ್ನುತ್ತಾರೆ, ನನಗೆ ಕರೋನಾ ಸೂಜಿ ಹಾಕಿದರು. ಒಂದು ದಿನ ತೋಳು ಭಾರ, ಅಷ್ಟೇ. ಉಬ್ಬಸದವಳು ನೀನು, ನನಗಿಂತ ನಿನಗೇ ಮೊದಲು ಬೇಕು. ನೀನೋ ಹೆದರಿ ಕೂತಿದ್ದೀಯ. ಇವತ್ತು ಗಟ್ಟಿಯಾಗಿಯೇ ಹೇಳಿದೆ: "ಸೂಜಿ ಹಾಕಿಸ್ಕೊಳ್ಳೋದು ಬೇಡ ಅನ್ಬೇಡ ಕಣೇ."

ನಿಂತಿದ್ದ ಮುಖ ಸ್ವಲ್ಪ ಹೊತ್ತಿಗೆ ಅಲ್ಲಾಡಿತು. "ಆಯ್ತಕ್ಕ, ನೀನು ಹೇಳ್ದಂಗೇ ಮಾಡ್ತೀನಿ" ಅಂದೆ.

ನೆಮ್ಮದಿ. ಶ್ಯಾವಿಗೆ ಪಾಯಸ ಮಾಡಿದೆ.

೭ ಏಪ್ರಿಲ್

ಜಯಶೀಲಾ ಫೋನ್ ಮಾಡಿದ್ದಳು. ಅರ್ಧ ಅಳು, ಅರ್ಧ ಬೈಗುಳ.

"ದೊಡ್ಡಮ್ಮ, ನೀವೇ ಹಿಂಗಂದ್ರೆ ಹೆಂಗೆ? ಇಬ್ರಿಗೂ ಬುಕ್ ಮಾಡಿದ್ದೆ. ಅಪ್ಪ ಹೋಗಿ ಹಾಕಿಸ್ಕೊಂಡು ಬಂದ್ರು. ಅಮ್ಮ ಹೊಸ್ಲು ದಾಟ್ಲಿಲ್ಲ. 'ಅಕ್ಕನೇ ಬೇಡ ಅಂದ್ಲು' ಅಂತಾರೆ. ನಾನು ಹೇಳಿದ್ರೆ ನಂಬಲ್ಲ, ನಿಮ್ಮ ಬಾಯಿಂದಾನೇ ಕೇಳ್ಬೇಕಂತೆ."

ನಾನೆಲ್ಲಿ ಬೇಡ ಅಂದೆ? ಬೇಡ ಅನ್ಬೇಡ ಅಂದೆ. 'ಅನ್ಬೇಡ' ದಾರಿಯಲ್ಲಿ ಬಿದ್ದುಹೋಗಿದೆ. 'ಬೇಡ' ಮಾತ್ರ ಬನ್ನೂರು ಮುಟ್ಟಿದೆ. ಕಾಯಿಲೆ ನಿಮ್ಮ ಬೀದಿಗೂ ಬಂದಿದೆಯಂತೆ.

ಕೂಡಲೇ ಕಾಲ್ ಮಾಡಿದೆ — ನಿಂತ ಮುಖ. ಸಾದಾ ಕಾಲ್ ಮಾಡಿದರೆ ನೀನು ವ್ಯಾಪ್ತಿ ಪ್ರದೇಶದ ಹೊರಗಿದ್ದೀಯಂತೆ. ಹೊಸಿಲು ದಾಟದವಳು ಅದೆಂಥ ಹೊರಗೆ ಹೋದೆಯೋ.

ಅಳಿಯನ ಮೇಲೆ ರೇಗಿದೆ. "ಐನೂರು, ಐನೂರು ಅಂದ್ರಲ್ಲ. ಒಂದು 'ಅನ್ಬೇಡ' ಹೊರೋಕಾಗ್ಲಿಲ್ವಾ ನಿಮ್ಮ ಜಿರಳೆಗೆ?"

"ಅತ್ತೆ, ರೂಟರ್ ಕೆಲಸ ನಮ್ಮನೆ ಬಾಗಿಲ ತನಕ. ಅಲ್ಲಿ ಚಿಕ್ಕಮ್ಮಂಗೆ ಸಿಗ್ನಲ್ಲೇ ಇಲ್ಲ, ನಾನೇನು ಮಾಡ್ಲಿ?"

"ಇದನ್ನ ತರೋ ಮುಂಚೆ ಹೇಳ್ಬೇಕಿತ್ತು."

ಅವರ ತಪ್ಪಲ್ಲ, ಗೊತ್ತು. ಆದರೂ...

ವಂದನಾ ಫೋನ್ ಕೈಗೆ ಕೊಟ್ಟಳು. "ವಾಯ್ಸ್ ಮೆಸೇಜ್ ಕಳ್ಸಮ್ಮ. ತಡ ಆದ್ರೂ ಪೂರ್ತಿ ಹೋಗತ್ತೆ. ಇನ್ನೊಂದು, 'ಬೇಡ' ಅನ್ನೋ ಮಾತೇ ಎತ್ಬೇಡ."

"ನೀನೇ ಎತ್ತಿದೆಯಲ್ಲೇ ಈಗ."

ಮೈಕಿನ ಚಿತ್ರ ಒತ್ತಿ ಹಿಡಿದು ಹೇಳಿದೆ: "ತುಂಗಾ, ಹೋಗು. ಸೂಜಿ ಹಾಕಿಸ್ಕೋ. ನಾನು ಹಾಕಿಸ್ಕೊಂಡು ಚೆನ್ನಾಗಿದ್ದೀನಿ. ಹೋಗು." ಬೆರಳು ತೆಗೆದ ಕೂಡಲೇ ಹೊರಟಿತು. ಒಂದು ಗೀಟು ಮೂಡಿತು, ಅಂದರೆ ಇನ್ನೂ ಮುಟ್ಟಿಲ್ಲ.

೮ ಏಪ್ರಿಲ್

ಒಂದೇ ಗೀಟು.

೧೧ ಏಪ್ರಿಲ್

ಎರಡು ಗೀಟು. ನೀಲಿಯಾಗಿಲ್ಲ. ಅಂದರೆ ಮುಟ್ಟಿದೆ, ನೀನು ಕೇಳಿಲ್ಲ.

ಸತ್ಯಪ್ರಕಾಶ್ ರೂಟರನ್ನು ಟಿ.ವಿ. ಪಕ್ಕದಿಂದ ತೆಗೆದು ಪೂರ್ವದ ಕಿಟಕಿಯಲ್ಲಿಟ್ಟರು. "ಇಂಡಿಯಾ ಕಡೆಗೆ ಅತ್ತೆ" ಅಂದರು. ಇದರಿಂದ ಏನೂ ಆಗದೆಂದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ಮೊನ್ನೆ ರೇಗಬಾರದಿತ್ತು.

೧೩ ಏಪ್ರಿಲ್. ಸಂಜೆ

ಯುಗಾದಿ. ಇಲ್ಲಿ ಬೇವು ಸಿಗಲಿಲ್ಲ. ಬರೀ ಬೆಲ್ಲ ತಿಂದೆವು.

ನೀಲಿಯಾಯಿತು. ಕೆಳಗೇ ನಿನ್ನ ಉತ್ತರ. ಸಿಗ್ನಲ್‌ಗೆಂದು ಹಿತ್ತಲಿಗೆ ಹೋಗಿ ಹೇಳಿದ್ದೀಯ, ಹಿಂದೆ ಕಾಗೆ ಕೂಗುವುದೂ ಕೇಳಿಸುತ್ತದೆ. ಇಷ್ಟು ಸ್ಪಷ್ಟವಾಗಿ ನಿನ್ನ ದನಿ ಕೇಳಿ ಎಷ್ಟು ಕಾಲವಾಯಿತು.

"ಅಕ್ಕಾ, ಕೇಳಿಸ್ಕೊಂಡೆ ಕಣಕ್ಕ. ಜಯ ನಾಳೆಗೆ ಮತ್ತೆ ಬುಕ್ ಮಾಡಿದ್ದಾಳೆ. ನಾನು ಹೋಗ್—"

ಅಷ್ಟೇ. ಬೆರಳು ಬೇಗ ತೆಗೆದುಬಿಟ್ಟಿದ್ದೀಯ.

ಮೂವರೂ ಕೂತು ಮತ್ತೆ ಮತ್ತೆ ಕೇಳಿದೆವು. "ಹೋಗ್ತೀನಿ ಅಂತಾನೇ ಅತ್ತೆ" ಅನ್ನುತ್ತಾರೆ ಸತ್ಯಪ್ರಕಾಶ್. ವಂದನಾ ಫೋನ್ ಕಿವಿಗೆ ಹಿಡಿದು ಇನ್ನೊಮ್ಮೆ ಕೇಳಿದಳು.

ಹೋಗ್ತೀನಿ? ಹೋಗಲ್ಲ?

ಅಲ್ಲೀಗ ಎಲ್ಲರೂ ಮಲಗಿರುತ್ತೀರಿ. ತುಂಗಾ, ಮಾತು ಮುಗಿಯುವ ತನಕ ಬೆರಳು ಎತ್ತಬೇಡ — ಅಲ್ಲ, ಒತ್ತಿ ಹಿಡಿದೇ ಇರು. ಎದ್ದ ಕೂಡಲೇ ಹಿತ್ತಲಿಗೆ ಹೋಗು. ಬೇಗ ಉತ್ತರ ಹಾಕು. ಪೂರ್ತಿ—