ಮಣ್ಣಿನಿಂದ ಎದ್ದ ತಟ್ಟೆ

ಜೂನ್ ೧೪, ಶುಕ್ರವಾರ

ಸುಶೀಂದ್ರನ ಮುಖ ಕಣ್ಣಿನಿಂದ ಹೋಗುತ್ತಿಲ್ಲ. ಹೋಗುವುದೂ ಬೇಡ.

ನಾಲ್ಕು ವರ್ಷ ನನ್ನ ಜೊತೆಯಲ್ಲೇ ತಟ್ಟೆ ವ್ಯಾಪಾರ ಕಲಿತು, ಬೇರೆ ಅಂಗಡಿ ಹಾಕಿದವನು ಅವನು. ನಾನು ವಿಯೆಟ್ನಾಂನಿಂದ ತರಿಸುವ ಕಬ್ಬಿನ ನಾರಿನ ತಟ್ಟೆಯಲ್ಲಿ ಪ್ಲಾಸ್ಟಿಕ್ ಇದೆಯೆಂದು ಸಿಂಗಾನಲ್ಲೂರಿನ ಮದುವೆ ಮಂಟಪದಲ್ಲಿ ಅಡುಗೆಯವರೆಲ್ಲರ ಎದುರು ಹೇಳಿದ. ಅಂದು ನಾನು ವಾದಿಸಲಿಲ್ಲ. ಮಂಟಪದ ಒಡತಿ ಪೆರಿಯನಾಯಕಿಯವರ ಮುಂದೆಯೇ ನನ್ನದೊಂದು, ಅವನದೊಂದು ತಟ್ಟೆಯನ್ನು ಹಿತ್ತಿಲ ಗೊಬ್ಬರದ ಗುಂಡಿಯಲ್ಲಿ ಹೂತಿಟ್ಟು ಬಂದೆ.

ಮೂರು ತಿಂಗಳು ಕಾದು, ಇಂದು ಅವನನ್ನೂ ಅದೇ ಅಡುಗೆಯವರನ್ನೂ ಕರೆಸಿ ಅಗೆಸಿದೆ. ನನ್ನ ತಟ್ಟೆ ಮಣ್ಣಾಗಿತ್ತು. ಅವನದರಿಂದ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ದುಂಡಗೆ ಎದ್ದು ಬಂತು. ಪೆರಿಯನಾಯಕಿ ಅದನ್ನು ಎತ್ತಿ ಹಿಡಿದು, “ಎನ್ನ ತಂಬಿ ಇದು?” ಎಂದು ತಮಿಳಿನಲ್ಲಿ, ಇದೇನಪ್ಪಾ ಎಂದು ಅವನನ್ನೇ ಕೇಳಿದರು.

ಹೊರಗೆ ಬಂದ ಮೇಲೆ ಅವನು, “ಅಕ್ಕಾ, ನನ್ನ ತನಿಯಾಗಿ, ಒಬ್ಬನ್ನೇ ಕರೆದು ಹೇಳ್ಬೋದಿತ್ತಲ್ಲ,” ಎಂದ.

“ನೀನು ನನ್ನ ತನಿಯಾಗಿ ಕರೆದು ಹೇಳಿದ್ಯಾ?”

ಅವನ ಕಣ್ಣು ತುಂಬಿತು. ನನಗೆ ಕನಿಕರ ಬರಬಹುದೆಂದು ಕಾದೆ, ಬರಲಿಲ್ಲ. ಆ ಹಾಳೆಯನ್ನು ತೊಳೆದು ಒಣಗಿಸಿ ಇಟ್ಟಿದ್ದೇನೆ. ಸೋಮವಾರ ಮೆಟ್ಟುಪಾಳ್ಯಕ್ಕೆ ಹೋಗಿ ಅವನ ದೊಡ್ಡ ಗಿರಾಕಿಗೆ ತೋರಿಸಬೇಕು. ಸುಶೀಂದ್ರನನ್ನೂ ಅಲ್ಲಿಗೆ ಬರಹೇಳಬೇಕು. ಅವನು ನೋಡದಿದ್ದರೆ ನನಗೆ ಏನು ತೃಪ್ತಿ?