ದುರ್ಗಾಳ ಮಾತಿಲ್ಲದ ಹಾಡು

ಹಟ್ಟಿ, ಮಂಗಳವಾರ

ಮಗಳು ದುರ್ಗಾಗ ಅಪ್ಪನ ಆಶೀರ್ವಾದ.

ಫೋನಿನ್ಯಾಗ ಇಬ್ಬರೂ ಜಗಳಕ್ಕ ಬೀಳ್ತೀವಿ, ಅದಕ್ಕ ಬರ್ಯಾಕತ್ತೀನಿ. ನಿನ್ನೆ ಪಾಳಿ ಮುಗಿಸಿ ಗಣಿಯಿಂದ ಮ್ಯಾಲ ಬಂದಾಗ ನಮ್ಮ ಪಾಳಿಯ ಶರಣಬಸವ ಫೋನ್ ಹಿಡಕೊಂಡು ನಿಂತಿದ್ದ. "ಮಾಳಿಂಗರಾಯಣ್ಣ, ಇದು ನಿಮ್ಮ ದುರ್ಗಾ ಕಂಪ್ಯೂಟರಿನ್ಯಾಗ ಮಾಡಿದ ಹಾಡಲ್ಲೇನು? ಹೊಸದಾಗಿ ಬಿಡುಗಡೆ ಆಗೇತಿ" ಅಂದ. ಕೆಳಗ ‘ದುರ್ಗಾ ಮಾಳಿಂಗರಾಯ’ ಅಂತಿತ್ತು. ಮನಿ ಬಿಟ್ಟು ಹೋಗು ಅಂದವನ ಹೆಸರು ಯಾಕ ಹಾಕಿದಿ ಅಂತ ನಾ ಕೇಳಂಗಿಲ್ಲ.

ಎಂಟು ಮಂದಿ ನಿಂತು ಕೇಳಿದಿವಿ. "ಇದರಾಗ ಹಾಡೋರು ಯಾರೂ ಇಲ್ಲೇನು?" ಅಂತ ಒಬ್ಬ ಕೇಳಿದ. "ಇಲ್ಲ. ರಾಗ, ತಾಳ ಎಲ್ಲಾ ನನ್ನ ಮಗಳೇ ಹುಟ್ಟಿಸ್ಯಾಳ" ಅಂದೆ. ಮಾತಿಲ್ಲದ್ದು ಹಾಡೇ ಅಲ್ಲ ಅಂತ ನಾ ನಿನಗ ಬೈದಿದ್ದು ಅವರಿಗೇನು ಗೊತ್ತು. ಮನಿಗೆ ಬಂದು ಹೇಳಿದ್ರ, ನಿಮ್ಮವ್ವ ಆಗಲೇ ಹತ್ತು ಸರ್ತಿ ಕೇಳ್ಯಾಳ!

ಐತವಾರ ನನಗ ರಜಾ. ನೀ ಬಿಟ್ಟು ಹೋದ ಸಂಗೀತದ ಕೀಬೋರ್ಡ್ ಒರೆಸಿ ಚಾದರದಾಗ ಸುತ್ತಿಟ್ಟೀನಿ, ಸಿಂಧನೂರಿಗೆ ತರ್ತೀನಿ. ಬಸ್‌ಸ್ಟ್ಯಾಂಡಿನಿಂದ ನಿನ್ನ ರೂಮಿಗೆ ಹೆಂಗ ಬರಬೇಕು ಅಂತ ಅವ್ವಗ ಹೇಳು. ನಾ ಬಂದಾಗ ನೀ ಹಾಡು ಮಾಡಾಕತ್ತಿದ್ರ ನಿಲ್ಲಿಸಬ್ಯಾಡ. ಬಾಗಿಲ ಹೊರಗ ಕೂತು ಕೇಳ್ತೀನಿ.

ನಿನ್ನ ಅಪ್ಪ,
ಮಾಳಿಂಗರಾಯ