ನಿನಗೆ ತಿಳಿಸದ ತಾರೀಖು

ಶಹಾಪುರ, ಬೆಳಗಾವಿ
೩ ಮಾರ್ಚ್ ೨೦೨೫, ಸೋಮವಾರ

ಪ್ರೀತಿಯ ಸಾನಿಕಾ,

ಎರಡು ವಾರಕ್ಕೊಮ್ಮೆ ನಮ್ಮ ಮನೆಗೆ ಬರುವವಳಿಗೆ ಈ ಪೂನಮ್ ಪತ್ರ ಯಾಕೆ ಬರೆದಳು ಅಂದುಕೊಳ್ಳುತ್ತೀ. ಇದನ್ನು ನಿನ್ನ ಮುಖ ನೋಡಿ ಹೇಳಲು ನನ್ನಿಂದ ಆಗಲಿಲ್ಲ. ಮನೆಗೆ ಕಳಿಸಿದರೆ ನಿಮ್ಮಣ್ಣ ಅವಧೂತ ಒಡೆದು ಓದುತ್ತಾನೆ. ಅದಕ್ಕೇ ಖಾನಾಪುರದಲ್ಲಿ ನೀನು ಕಲಿಸುವ ಶಾಲೆಯ ವಿಳಾಸ ಹಾಕಿದ್ದೇನೆ. ಒಬ್ಬಳೇ ಕುಳಿತು ಓದು.

ಫೆಬ್ರವರಿ ಹತ್ತರ ಕೋರ್ಟ್ ತಾರೀಖನ್ನು ವಕೀಲರು ತಿಳಿಸಲೇ ಇಲ್ಲ ಎಂದು ನಿನಗೆ ಹೇಳಿದ್ದೆ. ಅದು ಸುಳ್ಳು. ಕಾಂತಾ ವಕೀಲರು ಹನ್ನೆರಡು ದಿನ ಮೊದಲೇ ಫೋನ್ ಮಾಡಿದ್ದರು. ನಾನು ಹೂಂ ಅಂದೆ. ನಿನಗೆ ಹೇಳಲಿಲ್ಲ.

ಮರೆತಿರಲಿಲ್ಲ. ಆ ನಡುವಿನ ರವಿವಾರ ನೀನು ಬಂದು ನಮ್ಮ ಅಡಿಗೆಮನೆಯಲ್ಲಿ ಮೆಂತ್ಯೆ ಸೊಪ್ಪು ಬಿಡಿಸುತ್ತ, "ಇನ್ನೂ ತಾರೀಖ ಬಂದಿಲ್ಲೇನ ಪೂನಮ್?" ಅಂತ ಕೇಳಿದಾಗ ಅದು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. "ಇನ್ನೂ ಇಲ್ಲ" ಅಂದೆ. ಆಗ ನನಗೆ ಒಂಥರಾ ಸಮಾಧಾನವೂ ಆಯಿತು.

ಯಾಕೆ ಅಂತ ಕೇಳುತ್ತೀ. ಹೋದ ಜುಲೈಯಿಂದ ಹೇಳಬೇಕು.

ವಿಚ್ಛೇದನಕ್ಕೆ ಖಾಸಗಿ ವಕೀಲರ ಫೀಸು ಕೇಳಿ ನೀನು ಎದೆಗುಂದಿದ್ದೆ. ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ ವಕೀಲರು ಸಿಗುತ್ತಾರೆ ಎಂದು ಹೇಳಿ, ಕೋರ್ಟಿಗೆ ಕರೆದುಕೊಂಡು ಹೋದವಳು ನಾನೇ. ಅಣ್ಣ ನಿನ್ನ ಫೋನ್ ನೋಡುತ್ತಾನೆಂದು ಅರ್ಜಿಯಲ್ಲಿ ನನ್ನ ನಂಬರು ಬರೆಸಿದವಳೂ ನಾನೇ. ಆವತ್ತು ನನ್ನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ನಂಬು.

ಆಮೇಲೆ ಇಬ್ಬರ ಒಪ್ಪಿಗೆಯ ವಿಚ್ಛೇದನದ ಅರ್ಜಿಗೆ ಸಹಿ ಮಾಡಲು ಅಜಿಂಕ್ಯ ವಕೀಲರ ಕಚೇರಿಗೆ ಬಂದ. ಎರಡು ವರ್ಷ ಬೇರೆ ಇದ್ದ ಗಂಡ ಹೆಂಡತಿ ಎದುರುಬದುರಾದರೆ ಏನಾಗುತ್ತದೋ ಎಂದು ನಾನು ನಿನ್ನ ಬಾಜೂಕ್ಕೆ ಬಿಗಿಯಾಗಿ ಕುಳಿತಿದ್ದೆ. ಆತ ಬಂದವನೇ ಮೊದಲು ನಿನ್ನ ತಾಯಿಯ ಮಂಡಿನೋವು ಹೇಗಿದೆ ಎಂದು ಕೇಳಿದ. ಹೊರಗೆ ಹೋಗಿ ಚಹಾ ತಂದ. ನಿನಗೆ ಏಲಕ್ಕಿ ಸೇರುವುದಿಲ್ಲ ಎಂದು ನಿನ್ನದೊಂದನ್ನು ಬೇರೆ ಮಾಡಿಸಿದ್ದ. ಒಡವೆ, ಪಾತ್ರೆಗಳ ಪಟ್ಟಿ ಬರೆಸುವಾಗ ವಕೀಲರಿಗೆ, "ಆಕಿ ತವರಿಂದ ತಂದದ್ದು ಒಂದೂ ಬಿಡದ ಬರೀರಿ. ಆಕಿ ಮರತಿದ್ರ ನಾ ನೆನಪ ಮಾಡಿ ಹೇಳ್ತೀನ್ರಿ" ಅಂದ. ನೀನು ಮರೆತಿದ್ದ ಹಿತ್ತಾಳೆಯ ದೀಪದ ಸಮೆಯನ್ನೂ ಬರೆಸಿದ.

ಸಾನಿಕಾ, ನನ್ನ ಮದುವೆಯಾಗಿ ಹನ್ನೊಂದು ವರ್ಷ. ನಾನು ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುತ್ತೇನೋ ಇಲ್ಲವೋ ನಮ್ಮವರಿಗೆ ಇವತ್ತಿಗೂ ಗೊತ್ತಿಲ್ಲ. ಪಾರ್ಶ್ವ ಒಳ್ಳೆಯವರು ಎಂದು ಎಲ್ಲರೂ ಅನ್ನುತ್ತಾರೆ. ಕುಡಿಯುವುದಿಲ್ಲ, ಬೈಯುವುದಿಲ್ಲ, ಬಸದಿಗೆ ತಪ್ಪದೆ ಹೋಗುತ್ತಾರೆ. ನಾನು ಕೋಣೆಯೊಳಗೆ ಬಂದರೆ ಪೇಪರಿನಿಂದ ತಲೆ ಎತ್ತುವುದಿಲ್ಲ, ಅಷ್ಟೆ. ಬಿಟ್ಟುಹೋಗುತ್ತಿರುವ ಗಂಡ ನಿನಗೆ ಕೊಟ್ಟ ಮರ್ಯಾದೆ, ಜೊತೆಗಿರುವ ಗಂಡನಿಂದ ನನಗೆ ಸಿಕ್ಕಿಲ್ಲ. ಆವತ್ತು ಹತ್ತಿದ ಹೊಟ್ಟೆಯುರಿ ಇಳಿಯಲೇ ಇಲ್ಲ. ಆರು ತಿಂಗಳು ಕಳೆದ ಮೇಲೆ ಇಬ್ಬರೂ ನ್ಯಾಯಾಧೀಶರೆದುರು ಮತ್ತೊಮ್ಮೆ ಒಪ್ಪಿಗೆ ಎಂದರೆ ಮುಗಿಯಿತು ಎಂದು ಕಾಂತಾ ವಕೀಲರು ಹೇಳಿದಾಗ, ಇವಳಿಗೆ ಇಷ್ಟು ಸುಲಭವೇ ಅನ್ನಿಸಿತು. ಸ್ವಲ್ಪ ತಡವಾಗಲಿ, ಸ್ವಲ್ಪ ತೊಡಕಾಗಲಿ ಎಂದು ಬಯಸಿದೆ.

ಆದರೆ ಸ್ವಲ್ಪಕ್ಕೆ ನಿಲ್ಲಲಿಲ್ಲ. ಅಜಿಂಕ್ಯ ಹತ್ತನೇ ತಾರೀಖು ಕೋರ್ಟಿನಲ್ಲಿ ಮಧ್ಯಾಹ್ನದವರೆಗೆ ಕಾದು, ಮರುದಿನ ನಿನ್ನನ್ನೇ ಕೇಳೋಣ ಎಂದು ಖಾನಾಪುರಕ್ಕೆ ಬಂದ. ನೀನು ಕೋರ್ಟಿಗೆ ಹೋಗಲಿಲ್ಲ ಎಂದು ಕೇಳಿದ್ದೇ ತಡ, ನಿಮ್ಮಣ್ಣ ಓಣಿಯ ಮಂದಿಯೆದುರು, "ನನ್ನ ತಂಗಿ ಮನಸು ತಿರುಗೇದ. ಕರಕೊಂಡ ಹೋಗೂದಿದ್ರ ಹೋಗು, ಇಲ್ಲಾಂದ್ರ ಮತ್ತ ಇಲ್ಲಿ ಕಾಲಿಡಬ್ಯಾಡ" ಎಂದು ಕೂಗಾಡಿದ. ನಿನ್ನ ಬಟ್ಟೆಗಳನ್ನು ಚೀಲಕ್ಕೆ ತುಂಬಿ ಅನಗೋಳದ ಅಜಿಂಕ್ಯನ ಮನೆಗೆ ಹೊರಡಿಸಲು ನೋಡಿದ. ನೀನು ತಪ್ಪಿಸಿಕೊಂಡು ನನ್ನ ಬಳಿಗೇ ಬಂದೆ. ನನ್ನ ತೊಡೆಯ ಮೇಲೆ ತಲೆಯಿಟ್ಟು ಅತ್ತೆ. ಪುಕ್ಕಟೆ ವಕೀಲರೆಂದರೆ ಇಷ್ಟೇ ಎಂದು ಕಾಂತಾ ಅವರನ್ನು ಶಪಿಸಿದೆ. ನಾನು ನಿನ್ನ ತಲೆ ಸವರಿದೆ, ನಿಮ್ಮಣ್ಣನ ಸಿಟ್ಟು ಇಳಿದ ಮೇಲೆ ಮನೆಗೆ ಕಳಿಸಿದೆ.

ಹೋದ ಗುರುವಾರ ವಕೀಲರ ಬಳಿ ಹೋಗಿ ಎಲ್ಲ ಹೇಳಿದೆ. ಅವರು ಫೈಲು ತೆಗೆದು ಮುಂದಿನ ತಾರೀಖನ್ನು ಬರೆದುಕೊಟ್ಟರು. ಕೊನೆಗೆ, "ಆ ಹುಡುಗಿ ನನ್ನ ಬೈಕೋತ ಕುಂತಾಳಲ್ರಿ. ಮೊದಲ ಅದನ್ನ ಸರಿ ಮಾಡ್ರಿ" ಅಂದರು. ಅಲ್ಲಿಂದ ಅನಗೋಳಕ್ಕೆ ಹೋದೆ. ಅಜಿಂಕ್ಯ ಬಾಗಿಲಲ್ಲೇ ನಿಂತು ಕೇಳಿಸಿಕೊಂಡ. "ಆಕಿ ನನ್ನ ಬೇಕಂತ ಕಾಯಿಸಿಲ್ಲ ಅಂತ ಗೊತ್ತಾತಲ್ರಿ, ಸಾಕು" ಅಂದ. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಮೆಟ್ಟಿಲಿಳಿಯುವಾಗ ನಿನ್ನ ಮೇಲೆ ಮತ್ತೆ ಹೊಟ್ಟೆಕಿಚ್ಚಾಯಿತು. ಇದನ್ನೂ ಮುಚ್ಚಿಡುವುದಿಲ್ಲ.

ಮುಂದಿನ ತಾರೀಖು ಇದೇ ಹದಿನೇಳು, ಸೋಮವಾರ, ಬೆಳಿಗ್ಗೆ ಹನ್ನೊಂದಕ್ಕೆ. ಕಾಂತಾ ಅವರ ನಂಬರು ಹಾಳೆಯ ಹಿಂದೆ ಬರೆದಿದ್ದೇನೆ. ಶಾಲೆಯ ಫೋನಿನಿಂದ ನೀನೇ ಮಾತಾಡು, ನನ್ನನ್ನು ನಂಬಬೇಡ. ನಾನು ಅಲ್ಲಿಗೆ ಬರುವುದಿಲ್ಲ. ನೀವಿಬ್ಬರೂ ಮರ್ಯಾದೆಯಿಂದ ಬೇರೆಯಾಗುವುದನ್ನು ಇನ್ನೊಮ್ಮೆ ನೋಡುವ ಶಕ್ತಿ ನನಗಿಲ್ಲ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀ.

ನಿನ್ನ ಗೆಳತಿ ಎಂದು ಬರೆಯಲು ಕೈ ತಡೆಯುತ್ತಿರುವ,
ಪೂನಮ್

ತಾ.ಕ.: ನಿನ್ನೆ ಮಧ್ಯಾಹ್ನ ನಮ್ಮವರನ್ನು ಕೇಳಿದೆ, "ನಾವೂ ಬ್ಯಾರೆ ಆಗೂಣೇನ್ರಿ?" ಅವರು ಪೇಪರು ಮಡಚದೆ, "ಆಮ್ಯಾಲ ನೋಡೂಣು, ಮೊದಲ ಊಟಕ್ಕ ಹಾಕು" ಅಂದರು. ನಾನು ಹಾಕಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರು ತಲೆ ಎತ್ತಿ ನನ್ನನ್ನು ನೋಡಿದರು.